ಒಗ್ಗರಣೆ ಯಾವುದಕ್ಕೆ?

ತೀರ್ಥಹಳ್ಳಿ ಕಡೆಯ ಓದುಗರೊಬ್ಬರು ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ. ಬಳ್ಳಾರಿಯಲ್ಲಿ ಕೆಲಸ ಸಿಕ್ಕಿ ಮೂರು ವಾರವಾಯಿತಂತೆ. ಮೊದಲ ಭಾನುವಾರ ಒಬ್ಬರೇ ಕೋಟೆ ನೋಡಲು ಹೊರಟರು. ಅದೂ ಮಧ್ಯಾಹ್ನ ಹನ್ನೆರಡಕ್ಕೆ! ಆಟೋದವರು, "ಈ ಬಿಸ್ಲಾಗೆ ಗುಡ್ಡ ಹತ್ತಬ್ಯಾಡಮ್ಮ, ಬಂಡೆ ಕಾದು ಕೆಂಡ ಆಗಿರ್ತತಿ" ಎಂದು ಒಪ್ಪಲೇ ಇಲ್ಲ. ದುರ್ಗಮ್ಮನ ಗುಡಿ ಹತ್ತಿರ ಇಳಿಸಿ, ನೆರಳಿನಲ್ಲಿ ಕೂತಿರಿ ಎಂದರು. ಅಲ್ಲಿಂದ ಒಂದು ಗಾಡಿಯ ಮುಂದೆ 'ಒಗ್ಗರಣೆ ಮಿರ್ಚಿ' ಎಂಬ ಬೋರ್ಡ್ ನೋಡಿ, "ಒಗ್ಗರಣೆ ಯಾವುದಕ್ಕೆ ಹಾಕಿದ್ದು?" ಎಂದು ಕೇಳಿದರಂತೆ. ಗಾಡಿಯ ಅಮ್ಮ ನಕ್ಕು ನಕ್ಕು, ತಟ್ಟೆ ತುಂಬಿ ಕೊಟ್ಟು, ದುಡ್ಡು ತೆಗೆದುಕೊಳ್ಳಲಿಲ್ಲ. ಮನೆಗೆ ಫೋನ್ ಮಾಡಿ ಇದನ್ನೆಲ್ಲ ಹೇಳಿದರೆ ತಾಯಿಯಿಂದ ಬೈಗುಳ. "ಗೊತ್ತಿಲ್ಲದವರನ್ನು ಹಾಗೆ ನಂಬ್ತೀಯಾ?"

ಅವರು ಕೇಳಿರುವುದು ಎರಡು. ಈ ಊರಿನವರು ನಿಜವಾಗಲೂ ಹೀಗೇನಾ? ಮತ್ತೆ, ಎಲ್ಲರೂ ಮೊದಲು "ಯಾವೂರು ನಿಮ್ದು?" ಅಂತ ಯಾಕೆ ಕೇಳುತ್ತಾರೆ?

ಮೊದಲು ಒಗ್ಗರಣೆಯ ಸಂಗತಿ ಮುಗಿಸೋಣ. ನಿಮ್ಮ ಕಡೆ ಸಾರಿಗೆ ಹಾಕುವುದು ಒಗ್ಗರಣೆ. ನಮ್ಮ ಕಡೆ ಅದೇ ಒಂದು ತಿಂಡಿ. ಮಂಡಕ್ಕಿಯನ್ನು ನೀರಿನಲ್ಲಿ ಅದ್ದಿ, ಹಿಂಡಿ, ಈರುಳ್ಳಿ, ಹಸಿಮೆಣಸಿನಕಾಯಿ, ಅರಿಶಿನದ ಜೊತೆ ಬಾಡಿಸಿ, ಮೇಲೆ ಪುಟಾಣಿ ಪುಡಿ ಉದುರಿಸುತ್ತಾರೆ. ಪಕ್ಕಕ್ಕೆ ಬಿಸಿ ಮಿರ್ಚಿ, ಅಂದರೆ ಮೆಣಸಿನಕಾಯಿ ಬಜ್ಜಿ. ನಿಮ್ಮ ಪ್ರಶ್ನೆಯನ್ನು ಆ ಅಮ್ಮ ಇನ್ನೂ ಒಂದು ವರ್ಷ ಗಿರಾಕಿಗಳಿಗೆಲ್ಲ ಹೇಳುತ್ತಾರೆ. ಆ ತಟ್ಟೆಯ ದುಡ್ಡು ಅಲ್ಲಿಗೇ ತೀರಿತು ಬಿಡಿ.

ಈಗ "ಯಾವೂರು". ಇದನ್ನು ಕೆದಕುವ ಮಾತು ಎಂದುಕೊಳ್ಳಬೇಡಿ. ಬಳ್ಳಾರಿ ಬಂದವರಿಂದಲೇ ಬೆಳೆದ ಊರು. 1800ರಲ್ಲಿ ನಿಜಾಮ ಈ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟ ಮೇಲೆ ಇಲ್ಲಿ ದಂಡು ಬಂತು. ದಂಡಿನ ಬಟ್ಟೆ ಹೊಲಿಯಲು ಮರಾಠಿ ಮಾತಿನ ದರ್ಜಿಗಳು ಬಂದರು. ಇಂದಿನ ಬಳ್ಳಾರಿ ಜೀನ್ಸ್‌ನ ಬೇರು ಇರುವುದು ಅಲ್ಲೇ. 1953ರ ಅಕ್ಟೋಬರ್ 1ರವರೆಗೆ ನಾವು ಮದರಾಸಿನವರು. ಅಂದು ಬಳ್ಳಾರಿ ಮೈಸೂರಿಗೆ ಸೇರಿತು, ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. ಗೆರೆ ಎಳೆದದ್ದು ನಕ್ಷೆಯ ಮೇಲೆ. ಅಕ್ಕನ ಮನೆ ಆ ಕಡೆ, ತಮ್ಮನ ಮನೆ ಈ ಕಡೆ ಇದ್ದೇ ಇದೆ. ಹಾಗಾಗಿ ಅಂಗಡಿಯವರು ತೆಲುಗಿನಲ್ಲಿ ಮಾತು ಶುರು ಮಾಡಿದರೆ ಗಾಬರಿ ಬೇಡ. ಯಾವೂರು ಎಂದು ಕೇಳಿದ್ದು ಯಾವ ಭಾಷೆಯಲ್ಲಿ ದಾರಿ ಹೇಳಬೇಕು ಎಂದು ತಿಳಿಯಲಿಕ್ಕೂ ಹೌದು.

ನನ್ನದನ್ನೂ ಹೇಳುತ್ತೇನೆ. ಸಿರುಗುಪ್ಪ ತಾಲ್ಲೂಕಿನ ಗದ್ದೆ ಬದಿಯಿಂದ ಪಿಯುಸಿ ಓದಲು ಬಂದವನು ನಾನು. ಒಂದು ಟ್ರಂಕು, ಹಾಸ್ಟೆಲ್ಲಿನ ವಿಳಾಸದ ಚೀಟಿ, ಅಷ್ಟೇ. ಬಸ್ ನಿಲ್ದಾಣದಲ್ಲೇ ಒಬ್ಬ ಅಣ್ಣ ತಾನಾಗಿ ಬಂದು, "ಹಾಸ್ಟೆಲ್ಲಾ? ನಾನೂ ಆ ಕಡೆನೇ" ಎಂದ. ಟ್ರಂಕು ಹೊತ್ತ. ಚಹಾ ಕುಡಿಸಿದ. ಐವತ್ತು ರೂಪಾಯಿ ಚಿಲ್ಲರೆ ತರುತ್ತೇನೆಂದು ಹೋದವನು ಇವತ್ತಿಗೂ ಬಂದಿಲ್ಲ. ಅಳು ನುಂಗಿಕೊಂಡು ಸುಮ್ನೆ ನಡೆದೆ. ಎಲ್ಲಿದ್ದೇನೆ ಎಂದೇ ಗೊತ್ತಿಲ್ಲ. ಒಂದು ಹೊಲಿಗೆ ಅಂಗಡಿಯ ಮುಂದೆ ನಿಂತೆ. ದರ್ಜಿ ಮಿಷನ್ನು ನಿಲ್ಲಿಸಲಿಲ್ಲ, ತಲೆಯನ್ನೂ ಎತ್ತಲಿಲ್ಲ. ಚೀಟಿ ಓದಿ, ಕತ್ತರಿಸಿ ಬಿಸಾಕಿದ್ದ ನೀಲಿ ಜೀನ್ಸಿನ ತುಂಡೊಂದನ್ನು ಎತ್ತಿಕೊಂಡು, ಅದರ ಮೇಲೆ ಸೀಮೆಸುಣ್ಣದಲ್ಲಿ ದಾರಿ ಬರೆದುಕೊಟ್ಟರು. ರಾಯಲ್ ಸರ್ಕಲ್ ಒಂದು ಸೊನ್ನೆ, ಗುಡ್ಡ ಒಂದು ಮುದ್ದೆ. "ಗುಡ್ಡ ಎಡಕ್ಕೆ ಇರಬೇಕು, ಬಲಕ್ಕೆ ಬಂತು ಅಂದ್ರೆ ತಪ್ಪಿದಿ" ಎಂದರು. ತಪ್ಪಲಿಲ್ಲ.

ಆದ್ದರಿಂದ ನಿಮ್ಮ ತಾಯಿಯ ಭಯ ಸುಳ್ಳಲ್ಲ. ಆದರೆ ಅವರಿಗೆ ಹೀಗೆ ಹೇಳಿ: ತಾವಾಗಿ ಬಂದು ಮೈಮೇಲೆ ಬೀಳುವವರು ಬೇರೆ, ನಾವು ಹೋಗಿ ಕೇಳಿದವರು ಬೇರೆ. ನಾಳೆಯೂ ಅದೇ ಜಾಗದಲ್ಲಿ ಕೂತಿರುವವರನ್ನು ಕೇಳಿ. ದರ್ಜಿ, ಗಾಡಿಯವರು, ಹೂವಿನವರು. ಹೆಸರು, ಊರು ಹೇಳಿ, ರೂಮು ಎಲ್ಲಿದೆ ಎಂದು ಹೇಳಬೇಡಿ. ದಾರಿ ಕೇಳುವಾಗ ಹಳೆ ಹೆಸರು ಬಳಸಿ. ಬೋರ್ಡಿನಲ್ಲಿ ಗಡಗಿ ಚನ್ನಪ್ಪ ವೃತ್ತ ಎಂದಿರುತ್ತದೆ, ಬಾಯಲ್ಲಿ ಅದು ಇನ್ನೂ ರಾಯಲ್ ಸರ್ಕಲ್ಲೇ.

ಕೋಟೆಯ ಬಗ್ಗೆ ಆಟೋದವರು ಹೇಳಿದ್ದು ಸರಿ. ಬೆಳಿಗ್ಗೆ ಬೇಗ ಹತ್ತಿ. ಮೇಲಿನ ಕೋಟೆ ಹನುಮಪ್ಪ ನಾಯಕನದು, ಕೆಳಗಿನದು ಹೈದರಾಲಿ ಕಾಲದ್ದು. ಅದನ್ನು ಕಟ್ಟಿಸಿದ ಫ್ರೆಂಚ್ ಎಂಜಿನಿಯರನ್ನು ಹೈದರ್ ಗಲ್ಲಿಗೇರಿಸಿದನಂತೆ. ಪಕ್ಕದ ಕುಂಬಾರ ಗುಡ್ಡ ಕೋಟೆಗಿಂತ ಎತ್ತರವಿದೆ, ಅಲ್ಲಿಂದ ಗುಂಡು ಬೀಳುತ್ತದೆ ಎಂದು ಆಮೇಲೆ ಗೊತ್ತಾಯಿತಂತೆ. ಕತೆ ಇರಬಹುದು. ಹೊಸಬರನ್ನು ನಡೆಸಿಕೊಳ್ಳುವುದರಲ್ಲಿ ನಾವು ಅಲ್ಲಿಂದ ಎಷ್ಟೋ ಸುಧಾರಿಸಿದ್ದೇವೆ, ಅಲ್ವಾ?

ಮೇಲೆ ಬಂಡೆಯಲ್ಲಿ ಕಡಿದ ನೀರಿನ ಹೊಂಡಗಳಿವೆ, ನೋಡಿ. ಕುಡಿಯಲು ಮಾತ್ರ ಬಾಟಲಿ ಒಯ್ಯಿರಿ. ಇಳಿದ ಮೇಲೆ ಆ ಗಾಡಿಗೆ ಹೋಗಿ, ಈ ಸಲ ದುಡ್ಡು ಕೊಟ್ಟೇ ತಿನ್ನಿ.