ಹೊಸ ಲ್ಯಾಪ್‌ಟಾಪಿನ ಬ್ಯಾಟರಿಯನ್ನು ಪ್ರತಿ ಸಲ ಪೂರ್ತಿ ಖಾಲಿ ಮಾಡಿಯೇ ಚಾರ್ಜ್ ಮಾಡಬೇಕೆ?

ಮೊದಲ ದಿನ ಎಂಟು ಗಂಟೆ ಚಾರ್ಜ್, ಆಮೇಲೆ ಸೊನ್ನೆಗೆ ಇಳಿಯುವವರೆಗೆ ಪ್ಲಗ್ ಮುಟ್ಟಬಾರದು: ನನಗೂ ಅಂಗಡಿಯಲ್ಲಿ ಇದನ್ನೇ ಹೇಳಿದ್ದರು. ವ್ರತದಂತೆ ಪಾಲಿಸಿದೆ. ಒಂದು ಬೇಸಿಗೆ ಕಳೆಯುವಷ್ಟರಲ್ಲಿ ಬ್ಯಾಟರಿ ಹೋಯಿತು.

ಆಗ ದಾವಣಗೆರೆಯ ವಿದ್ಯಾನಗರದಲ್ಲಿ ಮಹಡಿಯ ಮೇಲಿನ ಕೋಣೆಯೊಂದರಲ್ಲಿ ಬಾಡಿಗೆಗಿದ್ದೆ, ಇಂಜಿನಿಯರಿಂಗ್ ಕೊನೆಯ ವರ್ಷ. ಏಪ್ರಿಲ್‌ನಲ್ಲಿ ತಾರಸಿ ಹಗಲು ಹೀರಿದ ಬಿಸಿಲನ್ನು ನಡುರಾತ್ರಿಯವರೆಗೂ ಕೋಣೆಗೆ ಬಿಡುತ್ತಿತ್ತು. ಮೇಜಿರಲಿಲ್ಲ, ಹಾಸಿಗೆಯ ಮೇಲೆಯೇ ಪ್ರಾಜೆಕ್ಟ್ ಕೆಲಸ. ಬೆಳಿಗ್ಗೆ ಕರೆಂಟ್ ಹೋದರೆ ಕಷ್ಟವೆಂದು, ರಾತ್ರಿ ಲ್ಯಾಪ್‌ಟಾಪನ್ನು ಆರಿಸದೆ, ಚಾರ್ಜರ್ ಸಿಕ್ಕಿಸಿ, ಹಾಸಿಗೆಯ ಮೇಲೆಯೇ ಬಿಟ್ಟು ಮಲಗುತ್ತಿದ್ದೆ.

ಕೆಟ್ಟದ್ದು ಅಲ್ಲಿಯೇ. ಲ್ಯಾಪ್‌ಟಾಪಿನ ತಳದ ಕಿಂಡಿಗಳ ಮೂಲಕ ಫ್ಯಾನು ಗಾಳಿ ಎಳೆದುಕೊಳ್ಳುತ್ತದೆ. ಹತ್ತಿಯ ಹಾಸಿಗೆ ಅವನ್ನು ಮುಚ್ಚಿತ್ತು, ಜೊತೆಗೆ ಹಿಂಜಿದ ಎಳೆಗಳು ಫ್ಯಾನಿಗೆ ಸುತ್ತಿಕೊಂಡಿದ್ದವು. ಒಳಗಿನ ಶಾಖಕ್ಕೆ ಹೊರದಾರಿಯಿಲ್ಲ. ಬ್ಯಾಟರಿಯೋ ನೂರು ಮುಟ್ಟಿ ಅಲ್ಲಿಯೇ ನಿಂತಿದೆ. ಈಗಿನ ಲ್ಯಾಪ್‌ಟಾಪ್ ಬ್ಯಾಟರಿಗಳ ಒಳಗಿರುವುದು ಲಿಥಿಯಂ ಅಯಾನ್ ಸೆಲ್ಲುಗಳು. ಪೂರ್ತಿ ತುಂಬಿದ ಸೆಲ್ಲಿನ ವೋಲ್ಟೇಜ್ ಸಾಮಾನ್ಯವಾಗಿ 4.2 ವೋಲ್ಟ್‌ನ ಆಸುಪಾಸು. ಆ ಮಟ್ಟದಲ್ಲಿ ಬಿಸಿಯೂ ಸೇರಿದರೆ ಒಳಗಿನ ದ್ರಾವಣ ಒಡೆದು ಅನಿಲವಾಗುತ್ತದೆ, ಸೆಲ್ಲಿನ ಚೀಲ ಉಬ್ಬುತ್ತದೆ. ತುಂಬಿದ ಬ್ಯಾಟರಿ ತಂಪಾಗಿದ್ದರೆ ಇಷ್ಟು ಬೇಗ ಕೆಡುತ್ತಿರಲಿಲ್ಲ, ಅರ್ಧ ತುಂಬಿದ್ದು ಬಿಸಿಯಾಗಿದ್ದರೂ ಇನ್ನಷ್ಟು ದಿನ ತಾಳುತ್ತಿತ್ತು. ನಾನು ಎರಡನ್ನೂ ರಾತ್ರಿಯಿಡೀ ಜೊತೆಗೂಡಿಸಿದ್ದೆ. ಜೂನ್ ಹೊತ್ತಿಗೆ ಟಚ್‌ಪ್ಯಾಡ್ ಮೇಲೆದ್ದಿತು. ಅದನ್ನು ಒತ್ತಿ ಸರಿಮಾಡಲು ಹೋಗಿದ್ದೆ, ರಿಪೇರಿಯವರು ಬೈದರು. ಉಬ್ಬಿದ್ದನ್ನು ಒತ್ತಿದರೆ ಬೆಂಕಿಯೇ ಹತ್ತಬಹುದು. ಹೊಸ ಬ್ಯಾಟರಿಗೆ ಮೆಸ್ಸಿನ ದುಡ್ಡು ಹೋಯಿತು.

ಆದ್ದರಿಂದ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಎಷ್ಟಕ್ಕೆ ಇಳಿಸಬೇಕೆಂದು ಕೇಳುವ ಮೊದಲು ಎಷ್ಟು ಬಿಸಿಯಾಗುತ್ತಿದೆ ಎಂದು ನೋಡಿ. ನೀವಿರುವ ಚಿತ್ರದುರ್ಗದ ಬೇಸಿಗೆಯೂ ಸಣ್ಣದಲ್ಲ. ಖಾಲಿ ಮಾಡುವ ಪದ್ಧತಿ ನಿಕಲ್ ಕ್ಯಾಡ್ಮಿಯಂ ಬ್ಯಾಟರಿಗಳ ಕಾಲದ್ದು. ಲಿಥಿಯಂ ಅಯಾನ್ 1991ರಲ್ಲೇ ಮಾರುಕಟ್ಟೆಗೆ ಬಂತು, ಆದರೂ ಆ ಉಪದೇಶ ಅಂಗಡಿಗಳಲ್ಲಿ ಉಳಿದುಬಿಟ್ಟಿದೆ. ಪದೇ ಪದೇ ಸೊನ್ನೆಗೆ ಇಳಿಸಿದರೆ ಈ ಬ್ಯಾಟರಿ ಸವೆಯುತ್ತದೆ. ಇಪ್ಪತ್ತರ ಸುಮಾರಿಗೆ ಬಂದಾಗ ಪ್ಲಗ್ ಹಾಕಿ. ಚಾರ್ಜನ್ನು ಶೇ. 80ಕ್ಕೆ ನಿಲ್ಲಿಸುವ ಸೌಲಭ್ಯ ಈಗ ಬಹಳಷ್ಟು ಲ್ಯಾಪ್‌ಟಾಪ್‌ಗಳಲ್ಲಿದೆ. ಸೆಟ್ಟಿಂಗ್‌ನಲ್ಲಿ ಹುಡುಕಿ ಇಂದೇ ಆನ್ ಮಾಡಿ.

ಕೂಲಿಂಗ್ ಪ್ಯಾಡಿಗೆ ದುಡ್ಡು ಸುರಿಯಬೇಡಿ. ಮೇಜಿಲ್ಲದಿದ್ದರೆ ಪರೀಕ್ಷೆಗೆ ಒಯ್ಯುವ ರಟ್ಟಿನ ಪ್ಯಾಡ್ ಸಾಕು, ತಳದ ಕಿಂಡಿಗಳು ಮುಚ್ಚದಿದ್ದರಾಯಿತು. ಬಿಸಿಲಿನಲ್ಲಿ ನಿಲ್ಲಿಸಿದ ಸ್ಕೂಟರಿನ ಡಿಕ್ಕಿಯಲ್ಲಿ ಇಡಬೇಡಿ. ರಜೆಗೆ ಊರಿಗೆ ಹೋಗಿ ತಿಂಗಳುಗಟ್ಟಲೆ ಮುಟ್ಟದಿದ್ದರೆ ಅರ್ಧ ಚಾರ್ಜ್ ಮಾಡಿ ಆರಿಸಿಡಿ.