ಹೃದಯದ ವಾಲ್ವ್ ಆಪರೇಷನ್ ಆದ ಮೇಲೆ ನಾಡಿ ತಪ್ಪಿದರೆ ಗುಣವಾಗುವುದಿಲ್ಲ ಅಂತ ಅರ್ಥವೇ?

ಹಾಗೇನಿಲ್ಲ, ಹೆದರಬೇಡಿ. ಅಮ್ಮನಿಗೆ ಮಂಗಳೂರಿನಲ್ಲಿ ವಾಲ್ವ್ ಬದಲಿಸಿದ ಮೂರನೇ ದಿನ ನಾಡಿ ಅಡ್ಡಾದಿಡ್ಡಿ ಓಡಿತು ಅಂದಿರಲ್ವಾ, ಅದು ಬಹಳ ಜನರಿಗೆ ಆಗುತ್ತದೆ, 2ರಿಂದ 4ನೇ ದಿನದೊಳಗೆ ಜಾಸ್ತಿ. ಹೃದಯದ ಮೇಲಿನ ಕೋಣೆಗಳು ಲಯ ತಪ್ಪಿ ಅದುರುವ ಇದಕ್ಕೆ ಏಟ್ರಿಯಲ್ ಫಿಬ್ರಿಲೇಷನ್ ಅಂತಾರೆ. ಹೆಚ್ಚಿನವರಿಗೆ ಕೆಲವು ವಾರಗಳಲ್ಲಿ ಸರಿಹೋಗುತ್ತದೆ. ಉಳಿದುಬಿಟ್ಟರೆ ಹೃದಯದೊಳಗೆ ರಕ್ತ ಹೆಪ್ಪುಗಟ್ಟಿ ಪಾರ್ಶ್ವವಾಯು ಆಗಬಹುದು, ಹಾಗಾಗಿ ಡಾಕ್ಟರು ಕೊಟ್ಟ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಮಾತ್ರೆ ಒಂದು ದಿನವೂ ತಪ್ಪಿಸಬೇಡಿ.

ಬದಿಯಡ್ಕದ ನಮ್ಮ ಮನೆಯಲ್ಲಿ ಅಪ್ಪನಿಗೆ ನಾನು ದಿನಾ ಬೆಳಿಗ್ಗೆ ಹೆಬ್ಬೆರಳಿನ ಬುಡದ ಕೆಳಗೆ ಮೂರು ಬೆರಳಿಟ್ಟು, ಪೂರ್ತಿ ಒಂದು ನಿಮಿಷ ಎಣಿಸಿ ಕ್ಯಾಲೆಂಡರಿನಲ್ಲಿ ಬರೆಯುತ್ತಿದ್ದೆ; ಕಾಲು ನಿಮಿಷ ಎಣಿಸಿ ಗುಣಿಸಿದರೆ ತಪ್ಪಿದ ಬಡಿತ ಗೊತ್ತಾಗದೆ ಹೋಗಬಹುದು. ನನಗೆ ನಿಧಾನದ ನಾಡಿಯೇ ಹೆಚ್ಚು ಭಯ, ಕೆಲವರಿಗೆ ಬಡಿತ ನಿಧಾನವಾಗದಂತೆ ನೋಡಿಕೊಳ್ಳುವ ಪೇಸ್‌ಮೇಕರ್ ಯಂತ್ರ ಬೇಕಾಗುತ್ತದೆ. 50ಕ್ಕಿಂತ ಇಳಿದು ತಲೆ ಸುತ್ತಿದರೆ, 120 ದಾಟಿ ಏದುಸಿರು ಬಂದರೆ ಬೆಳಗಾಗಲಿ ಅಂತ ಕಾಯಬೇಡಿ, ಆಗಲೇ ಆಸ್ಪತ್ರೆಗೆ ಹೊರಡಿ.