ಬರಹಗಾರರಿಗೆ ಸಲಹೆ: ಆ ಮಕ್ಕಳನ್ನು ಬೆಳೆಸಿದವರು ಯಾರು?

ಮಾನ್ಯರೇ,

‘ಕಣಿವೆಯ ಮಹಾಮನೆತನ’ ಎಂಬ ನಿಮ್ಮ ದೀರ್ಘ ಲೇಖನ ತಲುಪಿತು. ಯೂಟಾದಲ್ಲಿ ನೆಲೆಸಿರುವ ನೀವು, ಸಾಲ್ಟ್ ಲೇಕ್ ಸಿಟಿಯಲ್ಲಿ ಇಂದಿಗೂ ನಿಂತಿರುವ ಬ್ರಿಗಮ್ ಯಂಗ್ ಅವರ ಲಯನ್ ಹೌಸ್, ಬೀಹೈವ್ ಹೌಸ್ ಎಂಬ ಮನೆಗಳನ್ನು ನೋಡಿಬಂದು, ಅಮೆರಿಕದ ಮಾರ್ಮನ್ ಎಂಬ ಕ್ರೈಸ್ತ ಪಂಥದ ವಲಸಿಗರ ಆ ಮುಖಂಡನ, ಹಲವು ಪತ್ನಿಯರಿದ್ದ ದೊಡ್ಡ ಸಂಸಾರದ ಚರಿತ್ರೆಯನ್ನು ಕನ್ನಡದಲ್ಲಿ ಹೇಳಲು ಹೊರಟಿದ್ದೀರಿ. ವಿಷಯದ ಆಯ್ಕೆಗೆ ಅಭಿನಂದನೆಗಳು. ಇಸವಿಗಳು ಸರಿಯಾಗಿವೆ, 1846ರ ಫೆಬ್ರುವರಿಯ ಚಳಿಯಲ್ಲಿ ಇಲಿನಾಯ್ ರಾಜ್ಯದ ನೌವೂ ಪಟ್ಟಣವನ್ನು ಬಿಟ್ಟು ಮಿಸಿಸಿಪಿ ನದಿಯನ್ನು ದಾಟುವ ಭಾಗ ಓದಿಸಿಕೊಂಡು ಹೋಗುತ್ತದೆ. ಆದರೂ ಲೇಖನವನ್ನು ಈಗಿರುವ ರೂಪದಲ್ಲಿ ಪ್ರಕಟಿಸಲಾರೆ. ಅದಕ್ಕೆ ಕಾರಣ ಎರಡು ದೋಷಗಳು. ಅವೆರಡೂ ನನ್ನನ್ನು ಬಹಳವಾಗಿ ಕಾಡಿದ್ದರಿಂದ ವಿವರವಾಗಿಯೇ ಬರೆಯುತ್ತಿದ್ದೇನೆ. ಶೀರ್ಷಿಕೆ, ಅಧ್ಯಾಯಗಳ ಕ್ರಮ, ಉದ್ದ ಇವುಗಳ ಮಾತನ್ನು ಸದ್ಯಕ್ಕೆ ಬಿಡೋಣ.

ಆರನೆಯ ಪುಟದಲ್ಲಿ ಹೀಗೆ ಬರೆದಿದ್ದೀರಿ: “ಕ್ಲಾರಿಸಾ ರಾಸ್ 1858ರಲ್ಲಿ ನಿಧನರಾದರು. ಅವರ ನಾಲ್ವರು ಮಕ್ಕಳನ್ನು ಆ ಮನೆಯಲ್ಲಿಯೇ ಬೆಳೆಸಲಾಯಿತು.” ಬೆಳೆಸಿದವರು ಯಾರು? ತಾಯಿಯನ್ನು ಕಳೆದುಕೊಂಡ ನಾಲ್ಕು ಮಕ್ಕಳಿಗೆ ಬಡಿಸಿದವರು, ತಲೆ ಬಾಚಿದವರು, ಜ್ವರ ಬಂದ ರಾತ್ರಿ ಎದ್ದು ಕುಳಿತವರು ಒಬ್ಬರು ಇರಲೇಬೇಕಲ್ಲವೆ? ಅವರು ಯಂಗ್ ಅವರ ಇನ್ನೊಬ್ಬ ಪತ್ನಿ ಝೈನಾ ಹಂಟಿಂಗ್ಟನ್. ನೌವೂದಿಂದ ಹೊರಟ ದಾರಿಯಲ್ಲಿ, ಅಯೋವಾದ ಚಾರಿಟನ್ ನದಿಯ ದಡದಲ್ಲಿ, ಆಕೆಗೆ ಹೆರಿಗೆಯಾಯಿತು. ಹುಟ್ಟಿದ ಮಗನಿಗೆ ಆ ನದಿಯ ಹೆಸರನ್ನೇ ಸೇರಿಸಿ ಹೆನ್ರಿ ಚಾರಿಟನ್ ಎಂದು ಕರೆದರು. ಅದೇ ವರ್ಷದ ಆಗಸ್ಟಿನಲ್ಲಿ ಮೌಂಟ್ ಪಿಸ್ಗಾ ಬಿಡಾರದಲ್ಲಿ ಆಕೆಯ ತಂದೆ ತೀರಿಕೊಂಡರು. ಮೊದಲ ಮದುವೆಯ ಇಬ್ಬರು ಗಂಡುಮಕ್ಕಳು, ಯಂಗ್ ಅವರಿಂದಾದ ಒಬ್ಬ ಮಗಳು, ಅದರ ಮೇಲೆ ಕ್ಲಾರಿಸಾ ಬಿಟ್ಟುಹೋದ ನಾಲ್ವರು. ಇಷ್ಟು ಮಕ್ಕಳನ್ನು ಸಾಕುತ್ತಲೇ ಆಕೆ ಸೂಲಗಿತ್ತಿಯಾಗಿ ಸವತಿಯರ ಹೆರಿಗೆಗಳನ್ನೂ ಮಾಡಿಸಿದರು. ಆ ನಾಲ್ವರಲ್ಲಿ ಒಬ್ಬನಾದ ವಿಲ್ಲರ್ಡ್, 1852ರಲ್ಲಿ ಹುಟ್ಟಿದವನು, ತಾಯಿ ಹೋದಾಗ ಆರು ವರ್ಷದ ಹುಡುಗ. 1875ರಲ್ಲಿ ವೆಸ್ಟ್ ಪಾಯಿಂಟ್ ಸೈನಿಕ ಅಕಾಡೆಮಿಯಿಂದ ಪದವಿ ಪಡೆದು ಸೇನಾಧಿಕಾರಿಯಾದನು. ಆ ಪದವಿಗಾಗಿ ನೀವು ಒಂದು ಇಡೀ ಪ್ಯಾರಾವನ್ನು ಕೊಟ್ಟಿದ್ದೀರಿ, ಆದರೆ ಅವನನ್ನು ಸಾಕಿದಾಕೆಯ ಹೆಸರು ಅದರಲ್ಲಿ ಎಲ್ಲಿಯೂ ಇಲ್ಲ. ಇದನ್ನು ಓದಿದಾಗ ನನಗೆ ಬಂದದ್ದು ಸಿಟ್ಟು ಎಂದು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ.

ಈ ‘ಲಾಯಿತು’ ನಿಮ್ಮ ಲೇಖನದ ತುಂಬ ಹಬ್ಬಿದೆ. “ನೆಲಮಾಳಿಗೆಯ ಭೋಜನಶಾಲೆಯಲ್ಲಿ ಊಟವನ್ನು ಬಡಿಸಲಾಗುತ್ತಿತ್ತು”, “ಸಂಜೆ ಗಂಟೆ ಬಾರಿಸಿ ಎಲ್ಲರನ್ನೂ ಪ್ರಾರ್ಥನೆಗೆ ಕರೆಯಲಾಗುತ್ತಿತ್ತು”, “ಹೊಸ ವಿವಾಹಗಳನ್ನು ಮನೆಯಲ್ಲಿ ಒಪ್ಪಿಕೊಳ್ಳಲಾಯಿತು”. ನಮ್ಮ ಮನೆಗಳಲ್ಲಿ ಯಾರೂ ‘ಅನ್ನವನ್ನು ಬಡಿಸಲಾಯಿತು’ ಎನ್ನುವುದಿಲ್ಲ. ಅತ್ತಿಗೆ ಬಡಿಸಿದಳು, ಅಮ್ಮ ಬಡಿಸಿದಳು ಎನ್ನುತ್ತೇವೆ. ಸುತ್ತೋಲೆಗೆ, ಸಭೆಯ ನಡಾವಳಿಗೆ ಕರ್ಮಣಿ ಪ್ರಯೋಗ ಸಲ್ಲಬಹುದು, ಏಕೆಂದರೆ ಅಲ್ಲಿ ಮಾಡಿದವರು ಯಾರು ಎಂಬುದು ಮುಖ್ಯವಲ್ಲ. ಸಂಸಾರದ ಚರಿತ್ರೆಯಲ್ಲಿ ಅದೇ ಮುಖ್ಯ. ಹೊಸ ವಿವಾಹಗಳನ್ನು ಒಪ್ಪಿಕೊಂಡವರು ಯಾರು, ಒಪ್ಪದೆ ಸಹಿಸಿಕೊಂಡವರು ಯಾರು? ಎಮಿಲಿ ಪಾರ್ಟ್ರಿಜ್ 1843ರಲ್ಲಿ ತನ್ನ ಅಕ್ಕನೊಂದಿಗೆ ಪಂಥದ ಸ್ಥಾಪಕ, ಪ್ರವಾದಿ ಜೋಸೆಫ್ ಸ್ಮಿತ್ ಅವರನ್ನು ವರಿಸಿದಾಕೆ. ಮರುವರ್ಷ ಕಾರ್ಥೇಜಿನ ಸೆರೆಮನೆಯಲ್ಲಿ ಸ್ಮಿತ್ ಕೊಲೆಯಾದ ಬಳಿಕ ಯಂಗ್ ಅವರ ಪತ್ನಿಯಾದಳು. ತನ್ನ ಒಂಟಿತನವನ್ನು ಆಕೆ ದಿನಚರಿಯಲ್ಲಿ ತಾನೇ ಬರೆದಿಟ್ಟಿದ್ದಾಳೆ. ಅಂಥವಳ ಮಾತು ಲಭ್ಯವಿರುವಾಗ ‘ಒಪ್ಪಿಕೊಳ್ಳಲಾಯಿತು’ ಎಂದು ಬರೆದರೆ ಆಕೆಯ ದುಡಿಮೆಯ ಜೊತೆಗೆ ಆಕೆಯ ನೋವನ್ನೂ ಅಳಿಸಿದಂತಾಗುತ್ತದೆ. ಬಹುಪತ್ನಿತ್ವವನ್ನು ನೀವು ಸಮರ್ಥಿಸಬೇಕೆಂದಾಗಲಿ ಖಂಡಿಸಬೇಕೆಂದಾಗಲಿ ನಾನು ಕೇಳುತ್ತಿಲ್ಲ. ಅದರೊಳಗೆ ಬದುಕಿದವರನ್ನು ವಾಕ್ಯದ ಒಳಗೆ ತನ್ನಿ ಎಂದಷ್ಟೇ ಕೇಳುತ್ತಿದ್ದೇನೆ.

ಹನ್ನೊಂದನೆಯ ಪುಟದ ಒಂದು ಸಾಲು ಇನ್ನೂ ಹೆಚ್ಚು ಬೇಸರ ತರಿಸಿತು: “1870ರ ದಶಕದಲ್ಲಿ ರೇಷ್ಮೆ ಕೃಷಿಯನ್ನು ಪ್ರೋತ್ಸಾಹಿಸಲಾಯಿತು.” ರೇಷ್ಮೆ ಎಂದೊಡನೆ ಕನ್ನಡದ ಓದುಗ ಕಿವಿ ನಿಮಿರಿಸುತ್ತಾನೆ. ರಾಮನಗರ, ಶಿಡ್ಲಘಟ್ಟದ ಕಡೆಯವರಿಗೆ ಹಿಪ್ಪುನೇರಳೆ ಸೊಪ್ಪು, ಹುಳುಮನೆಯ ವಾಸನೆ, ನಾಲ್ಕನೆಯ ಜ್ವರ (ಪೊರೆ ಕಳಚುವ ಹಂತ) ಎದ್ದ ಹುಳುಗಳು ರಾತ್ರಿಯಿಡೀ ಸೊಪ್ಪು ಮೇಯುವ ಸರಸರ ಸದ್ದು ಇವನ್ನೆಲ್ಲ ವಿವರಿಸಬೇಕಾಗಿಲ್ಲ. ಯೂಟಾದ ಒಣ ನೆಲದಲ್ಲಿ ಯಂಗ್ ಹಿಪ್ಪುನೇರಳೆಯನ್ನು ನೆಡಿಸಿ ಈ ಉದ್ಯೋಗದ ಮುಂದಾಳ್ತನವನ್ನು ವಹಿಸಿದ್ದು ಮತ್ತೆ ಅದೇ ಝೈನಾ ಅವರಿಗೆ. ಆಕೆಗೋ ಹುಳುಗಳೆಂದರೆ ಸಹಿಸಲಾಗದಷ್ಟು ಹೇಸಿಗೆ, ಹೆದರಿಕೆ. ಆದರೂ ಹಿಂಜರಿಯದೆ ಸ್ವತಃ ಹುಳು ಸಾಕಿದರು, ಊರೂರು ತಿರುಗಿ ಇತರ ಹೆಂಗಸರಿಗೆ ಕಲಿಸಿದರು, ರೇಷ್ಮೆ ಸಂಘದ ಅಧ್ಯಕ್ಷೆಯಾದರು. ಈ ಒಂದು ಸಂಗತಿಯನ್ನು ಕೈಯಲ್ಲಿಟ್ಟುಕೊಂಡು ನೀವು ಬರೆದದ್ದು ‘ಪ್ರೋತ್ಸಾಹಿಸಲಾಯಿತು’! ನಿಮ್ಮ ಓದುಗರು ಯಾರೆಂಬುದನ್ನು ಬರೆಯುವಾಗ ನೆನೆದಿದ್ದರೆ ಹೀಗಾಗುತ್ತಿರಲಿಲ್ಲ.

ನಾನು ಈ ಕೆಲಸವನ್ನು ಕಲಿತದ್ದು ಧಾರವಾಡದ ಒಂದು ಸಣ್ಣ ಅಚ್ಚುಕೂಟದಲ್ಲಿ, ಇನ್ನೂ ಮೊಳೆ ಜೋಡಿಸಿ ಮುದ್ರಿಸುತ್ತಿದ್ದ ಕಾಲದಲ್ಲಿ. ಕರಡು ತಿದ್ದುವುದನ್ನು ಹೇಳಿಕೊಟ್ಟ ಹಿರಿಯರು ಮಾತು ಕಡಿಮೆ ಆಡುವವರು. ಒಮ್ಮೆ ಸುತ್ತಲಿನ ಹಳ್ಳಿಯ ಮನೆತನವೊಂದು ತನ್ನ ವಂಶಾವಳಿಯನ್ನು ಅಚ್ಚು ಹಾಕಿಸಲು ತಂದಿತು. ಗಂಡಸರ ಹೆಸರುಗಳು ಅಜ್ಜ, ಮುತ್ತಜ್ಜ, ಗಿರಿಯಜ್ಜನವರೆಗೂ ಅಚ್ಚುಕಟ್ಟಾಗಿ ಇದ್ದವು. ಆ ಮನೆಗೆ ಬಂದ ಸೊಸೆಯಂದಿರೆಲ್ಲರಿಗೂ ‘ಧರ್ಮಪತ್ನಿ’ ಎಂಬ ಒಂದೇ ಪದವಿತ್ತು. ಹಿರಿಯರು ಹಸ್ತಪ್ರತಿಯನ್ನು ನನ್ನ ಕೈಗಿತ್ತು, “ಹೋಗಿ ಹೆಣ್ಣುಮಕ್ಕಳ ಹೆಸರು ಕೇಳಿಕೊಂಡು ಬಾರಪಾ” ಎಂದು ಕಳಿಸಿದರು. ಕಟ್ಟೆಯ ಮೇಲಿದ್ದ ಗಂಡಸರು ತಾಯಂದಿರ ಹೆಸರನ್ನು ಹೇಳಿದರು, ಅಜ್ಜಿಯರ ಹೆಸರಿಗೆ ತಡವರಿಸಿದರು, ಅಲ್ಲಿಂದಾಚೆಗೆ ಒಬ್ಬರ ಮುಖ ಒಬ್ಬರು ನೋಡಿದರು. ಒಳಗೆ ಜೋಳದ ಹಿಟ್ಟು ಸೋಸುತ್ತಿದ್ದ ಮುದುಕಿಯೊಬ್ಬಳು ಕೈಯ ಜರಡಿಯನ್ನು ನಿಲ್ಲಿಸದೆಯೇ ಹೇಳತೊಡಗಿದಳು. ಯಾರು ಯಾವ ಊರಿನಿಂದ ಬಂದವರು, ತವರಿನಲ್ಲಿ ಅವರ ಹೆಸರೇನಿತ್ತು, ಮದುವೆಯಲ್ಲಿ ಇಟ್ಟ ಹೆಸರೇನು, ಬಾಣಂತನದಲ್ಲಿ ತೀರಿಕೊಂಡವರು ಯಾರು, ಆ ಕೂಸಿಗೆ ಹಾಲೂಡಿಸಿದ ನೆಗೆಣ್ಣಿ ಯಾರು ಎಂದು ಆಕೆ ಹೇಳುತ್ತ ಹೋದಂತೆ ಬರೆದುಕೊಳ್ಳಲು ನನ್ನ ಕೈ ಸಾಲಲಿಲ್ಲ. ಆ ಹೆಸರುಗಳನ್ನು ಕೊನೆಯಲ್ಲಿ ಅನುಬಂಧವಾಗಿ ಹಾಕಿದರೆ ಸಾಕೆಂದು ಮನೆತನದವರು ಹೇಳಿದರು. ಹಿರಿಯರು ಒಪ್ಪಲಿಲ್ಲ, ಕಟ್ಟಿದ್ದ ಪುಟಗಳ ಮೊಳೆಗಳನ್ನು ಬಿಚ್ಚಿಸಿ, ಪ್ರತಿ ಹೆಣ್ಣಿನ ಹೆಸರನ್ನೂ ಅದರದರ ಜಾಗದಲ್ಲಿ ಕೂರಿಸಿ ಮತ್ತೆ ಕಟ್ಟಿಸಿದರು. ಅಂದಿನಿಂದ ಯಾರದೇ ಮನೆತನದ ಚರಿತ್ರೆ ಮೇಜಿಗೆ ಬಂದರೂ ನಾನು ಮೊದಲು ಹುಡುಕುವುದು ಆ ಹೆಸರುಗಳನ್ನೇ.

ಎರಡನೆಯ ದೋಷ ಸಂಖ್ಯೆಗಳದ್ದು. ನಿಮ್ಮ ಮೊದಲ ವಾಕ್ಯವೇ, “ಯಂಗ್ ಅವರ 55 ಮಂದಿ ಪತ್ನಿಯರು 1856ರಲ್ಲಿ ಲಯನ್ ಹೌಸಿನಲ್ಲಿ ವಾಸಿಸತೊಡಗಿದರು.” ಓದುಗನನ್ನು ಬೆರಗುಗೊಳಿಸಬೇಕೆಂಬ ಆತುರದಲ್ಲಿ ಇಲ್ಲಿ ಸತ್ಯವೇ ಕೆಟ್ಟಿದೆ. ಆ ಲೆಕ್ಕದಲ್ಲಿ ಮರಣಾನಂತರದ ಲೋಕಕ್ಕಾಗಿ ಮಾತ್ರ ಅವರೊಂದಿಗೆ ವಿವಾಹವಿಧಿ ಮಾಡಿಸಿಕೊಂಡು ಎಂದೂ ಅವರ ಮನೆಯಲ್ಲಿ ಬಾಳದವರಿದ್ದಾರೆ, ಆಸರೆಗೆಂದು ಬಂದ ವಿಧವೆಯರಿದ್ದಾರೆ, ವಿಚ್ಛೇದನ ಪಡೆದು ಹೋದವರಿದ್ದಾರೆ. ಯಂಗ್ ಅವರಿಗೆ ಮಕ್ಕಳಾದದ್ದು 16 ಮಂದಿ ಪತ್ನಿಯರಲ್ಲಿ. ಲಯನ್ ಹೌಸಿನಲ್ಲಿ ಇದ್ದವರು ಹತ್ತು ಹನ್ನೆರಡು ಮಂದಿ. ಪಕ್ಕದ ಬೀಹೈವ್ ಹೌಸಿನ ಯಜಮಾನಿಕೆ ಲೂಸಿ ಆನ್ ಡೆಕರ್ ಅವರದು. ಕಾನೂನಿನ ಕಣ್ಣಿಗೆ ಪತ್ನಿಯಾಗಿದ್ದ ಮೇರಿ ಆನ್ ಏಂಜೆಲ್ ಅವರಿಗೆ ಬೇರೆಯೇ ಮನೆ. ಲಯನ್ ಹೌಸಿನೊಳಗೂ ಎಳೆಯ ಮಕ್ಕಳ ತಾಯಂದಿರು ನಡುವಿನ ಅಂತಸ್ತಿನಲ್ಲಿ, ಮಕ್ಕಳಿಲ್ಲದವರೂ ದೊಡ್ಡ ಮಕ್ಕಳೂ ಮೇಲಿನ ಇಪ್ಪತ್ತು ಸಣ್ಣ ಕೋಣೆಗಳಲ್ಲಿ ಇರುತ್ತಿದ್ದರು. ಕವಯಿತ್ರಿ ಎಲೈಜಾ ಸ್ನೋ ಆ ಮನೆಯಲ್ಲೇ ಕೊನೆಯವರೆಗೆ ಬಾಳಿದರು. ಈ ಮನೆಯನ್ನು ನೀವು ನೋಡಿಬಂದಿದ್ದೀರಿ. ಒಂದು ಕೋಣೆಯ ಬಾಗಿಲನ್ನಾದರೂ ಓದುಗನಿಗೆ ತೆರೆಯಬಹುದಿತ್ತು.

ಇನ್ನು ಸಾಲ್ಟ್ ಲೇಕ್ ಕಣಿವೆಗೆ ಹೊರಟವರ ಬಗೆಗಿನ “143 ಪುರುಷರು, 3 ಮಹಿಳೆಯರು, 2 ಮಕ್ಕಳ ಮೊದಲ ತಂಡ” ಎಂಬ ಸಾಲು. ಆ ಮೂವರಲ್ಲಿ ಒಬ್ಬರು ನಾರ್ವೆಯಲ್ಲಿ ಹುಟ್ಟಿದ ಎಲೆನ್ ಸ್ಯಾಂಡರ್ಸ್, ಪಂಥದ ಇನ್ನೊಬ್ಬ ಮುಖಂಡ ಹೀಬರ್ ಕಿಂಬಲ್ ಅವರ ಪತ್ನಿ. ಉಳಿದಿಬ್ಬರು ತಾಯಿ ಮಗಳು, ಹ್ಯಾರಿಯೆಟ್ ಮತ್ತು ಕ್ಲಾರಾ. ತಾಯಿ ಹ್ಯಾರಿಯೆಟ್, ಬ್ರಿಗಮ್ ಅವರ ತಮ್ಮ ಲೊರೆಂಜೊನ ಹೆಂಡತಿ. ಆಕೆಯ ಮೊದಲ ಮದುವೆಯ ಇಬ್ಬರು ಹೆಣ್ಣುಮಕ್ಕಳಾದ ಲೂಸಿ ಆನ್ ಮತ್ತು ಕ್ಲಾರಾ ಬ್ರಿಗಮ್ ಅವರ ಪತ್ನಿಯರು. ಅಂದರೆ ಬ್ರಿಗಮ್ ಅವರಿಗೆ ಆಕೆ ತಮ್ಮನ ಹೆಂಡತಿಯೂ ಹೌದು, ಅತ್ತೆಯೂ ಹೌದು. ಉಬ್ಬಸದ ರೋಗಿಯಾದ ಹ್ಯಾರಿಯೆಟ್ ಬಸುರಿಯಾಗಿಯೇ ಆ ದಾರಿಯನ್ನು ಸವೆಸಿದಳು. 1847ರ ಜುಲೈನಲ್ಲಿ ಕಣಿವೆಗೆ ಇಳಿದಾಗ ಮರಗಳಿಲ್ಲದ ಆ ಬಯಲನ್ನು ಕಂಡು ಆಕೆಯ ಎದೆ ಒಡೆಯಿತು. ಆಗತಾನೆ ಹತ್ತೊಂಬತ್ತು ತುಂಬಿದ ಕ್ಲಾರಾಳಿಗೆ ಮಾತ್ರ ಆ ಜಾಗ ಸಮಾಧಾನ ತಂದಿತ್ತು ಎಂದು ಆಕೆಯೇ ಮುಂದೆ ನೆನೆದಿದ್ದಾಳೆ. ಆಗಸ್ಟಿನಲ್ಲಿ ಬ್ರಿಗಮ್ ಉಳಿದ ಜನರನ್ನು ಕರೆತರಲು ಹಿಂದಿರುಗಿದರು, ಕ್ಲಾರಾ ಕೋಟೆಯಲ್ಲೇ ಉಳಿದಳು. ಸೆಪ್ಟೆಂಬರಿನಲ್ಲಿ ತಾಯಿಗೆ ಗಂಡುಮಗು ಹುಟ್ಟಿತು. ಮುಂದಿನ ವಸಂತದ ಹೊತ್ತಿಗೆ ಆ ಕೂಸು ತೀರಿಕೊಂಡಿತು. ಇಷ್ಟೆಲ್ಲವೂ ನಿಮ್ಮ ‘3’ ಎಂಬ ಅಂಕಿಯೊಳಗೆ ಮುಚ್ಚಿಹೋಗಿದೆ.

ಹೆಸರುಗಳು ಸಿಗಲಿಲ್ಲ ಎಂದು ನೀವು ಹೇಳುವಂತಿಲ್ಲ. ಗತಿಸಿದ ಹಿರಿಯರ ಹೆಸರನ್ನು ಹುಡುಕಿ, ಅವರ ಪರವಾಗಿ ದೇವಾಲಯದಲ್ಲಿ ವಿಧಿಗಳನ್ನು ನೆರವೇರಿಸುವುದನ್ನು ಧರ್ಮವೆಂದು ತಿಳಿದ ಜನ ಮಾರ್ಮನ್ನರು. 1894ರಲ್ಲೇ ವಂಶಾವಳಿಗಾಗಿ ಸಂಘ ಕಟ್ಟಿದವರು. ಲಯನ್ ಹೌಸಿನಲ್ಲೇ 1856ರಲ್ಲಿ ಹುಟ್ಟಿದ, ಯಂಗ್ ಅವರ ಮಗಳು ಸೂಸಾ ಯಂಗ್ ಗೇಟ್ಸ್ ಪತ್ರಿಕೆ ನಡೆಸಿದಾಕೆ, ವಂಶಾವಳಿಯ ಕೆಲಸಕ್ಕೆ ದುಡಿದಾಕೆ. ಸಾವಿರಾರು ಹೆರಿಗೆ ಮಾಡಿಸಿದ ಸೂಲಗಿತ್ತಿ ಪ್ಯಾಟಿ ಸೆಷನ್ಸ್ ಅವರ ದಿನಚರಿ ಅಚ್ಚಾಗಿದೆ; ನೌವೂ ಬಿಟ್ಟ ತಿಂಗಳಿನಿಂದಲೇ ಅದು ಶುರುವಾಗುತ್ತದೆ. ಮೊದಲು ಅದನ್ನು ಓದಿ.

ಹಸ್ತಪ್ರತಿಯನ್ನು ಗುರುತುಗಳೊಂದಿಗೆ ಹಿಂದಿರುಗಿಸುತ್ತಿದ್ದೇನೆ. ‘ಲಾಯಿತು’ ಬಂದ ಕಡೆಯಲ್ಲೆಲ್ಲ ಮಾಡಿದವರ ಹೆಸರನ್ನು ವಾಕ್ಯಕ್ಕೆ ತನ್ನಿ. ಹೆಸರು ತರಲಾಗದಿದ್ದರೆ ಆ ವಾಕ್ಯವನ್ನು ಕೈಬಿಡಿ. ಲೇಖನವನ್ನು ಹ್ಯಾರಿಯೆಟ್ ಮತ್ತು ಕ್ಲಾರಾ ಕಣಿವೆಗೆ ಇಳಿಯುವಲ್ಲಿಂದ ಆರಂಭಿಸಬಹುದೇ ಎಂದು ಯೋಚಿಸಿ. ಕೊನೆಯಲ್ಲಿ ಕೊಟ್ಟಿರುವ ವಂಶವೃಕ್ಷದಲ್ಲಿ ಮಕ್ಕಳೆಲ್ಲರೂ ಯಂಗ್ ಅವರ ಹೆಸರಿನ ಕೆಳಗೆ ಒಂದೇ ಸಾಲಿನಲ್ಲಿದ್ದಾರೆ. ಅದನ್ನು ತಾಯಂದಿರ ಹೆಸರಿನ ಕೆಳಗೆ ಬೇರೆ ಬೇರೆಯಾಗಿ ಬರೆದು, ಕ್ಲಾರಿಸಾ ರಾಸ್ ಅವರ ನಾಲ್ವರ ಪಕ್ಕದಲ್ಲಿ ‘ಸಾಕಿದವರು: ಝೈನಾ’ ಎಂದು ಸೇರಿಸಿ ಕಳಿಸಿ. ಹೊಸ ಕರಡು ಬಂದೊಡನೆ ಬೇರೆ ಕೆಲಸವನ್ನು ಬದಿಗಿಟ್ಟು ಓದುತ್ತೇನೆ.

ಇಂತು,
ಸಂಪಾದಕ